ಬೆಟ್ಟ ಇಳಿಯುವ ಗೇರು

"ತಾಳ್ಮೆ ಸವೆದುಹೋಗದ ಹಾಗೆ ಉಳಿಸಿಕೊಳ್ಳುವುದು ಹೇಗೆ, ಬುದ್ಧಿ?" ಎಂದು ಗುರುಮಲ್ಲಪ್ಪ ತನ್ನ ಗುರುಗಳನ್ನು ಕೇಳಿದ.

ಮಠದ ದಾಸೋಹದ ಅಡುಗೆ ಅವನದು. ತಾಳ್ಮೆ ಹೆಚ್ಚಲಿ ಎಂದು ಅವನು ಬೆಳಗಿನ ಧ್ಯಾನವನ್ನು ಬೆಳೆಸುತ್ತಲೇ ಬಂದಿದ್ದ. ಧ್ಯಾನ ಮುಗಿಸಿ ಅಡುಗೆಗೆ ಕೈ ಹಾಕುವಷ್ಟರಲ್ಲಿ ಜನ ಪಂಕ್ತಿಗೆ ಬಂದು ಕೂತಿರುತ್ತಿದ್ದರು. ಅನ್ನ ಎಲ್ಲಿ, ಸಾರು ಎಲ್ಲಿ ಎಂದು ಅವರು ಕೂಗಿದಾಗಲೆಲ್ಲ ಇವನು ಹಲ್ಲು ಕಚ್ಚಿ ಸಹಿಸುತ್ತಿದ್ದ. ಅಂದು ಮಾತ್ರ ಆಗಲಿಲ್ಲ. ಇನ್ನೊಂದು ಸೌಟು ಸಾರು ಕೇಳಿದ ಮುದುಕಿಯೊಬ್ಬಳ ಮೇಲೆ ರೇಗಿಬಿಟ್ಟ. ಆಕೆ ಎಲೆ ಮಡಚಿ, ಅರ್ಧ ಊಟದಲ್ಲೇ ಎದ್ದು ಹೋದಳು. ಹಸಿದವರನ್ನು ಎಲೆಯಿಂದ ಎಬ್ಬಿಸಿದವನು ಇನ್ನು ಸೌಟು ಹಿಡಿಯಬಾರದು, ಮಠ ಬಿಟ್ಟೇ ಹೋಗಬೇಕು ಎಂದು ಅವನ ಜೀವ ಒದ್ದಾಡುತ್ತಿತ್ತು. ಇದೆಲ್ಲವನ್ನೂ ಗುರುಗಳಿಗೆ ಹೇಳಿಕೊಂಡ.

"ಹೋಗುವವನು ಹೋಗುವೆಯಂತೆ, ಕತೆ ಕೇಳಿಕೊಂಡು ಹೋಗು" ಎಂದು ಗುರುಗಳು ಶುರುಮಾಡಿದರು.

ಒಬ್ಬ ಚಾಲಕನಿದ್ದ. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ತನ್ನ ಕಾರಿನಲ್ಲಿ ಜನರನ್ನು ಕರೆದೊಯ್ದು ಕರೆತರುವುದು ಅವನ ಕಸುಬು. ಜಾಣ, ಆದರೆ ಕೊಂಚ ಅತಿಜಾಣ. ಇಳಿಜಾರಿನಲ್ಲಿ ಗಾಡಿ ತಾನೇ ಉರುಳುವಾಗ ಪೆಟ್ರೋಲು ಯಾಕೆ ಸುಡಬೇಕೆಂದು, ಬೆಟ್ಟದ ತುದಿಯಲ್ಲೇ ಗೇರು ತಪ್ಪಿಸಿ ನ್ಯೂಟ್ರಲ್‌ಗೆ ಹಾಕುತ್ತಿದ್ದ. ಆಮೇಲೆ ಬುಡ ಮುಟ್ಟುವವರೆಗೂ ಬ್ರೇಕಿನ ಮೇಲಿಂದ ಕಾಲು ತೆಗೆಯುತ್ತಿರಲಿಲ್ಲ. ಅದನ್ನೇ ಎಚ್ಚರಿಕೆ ಎಂದು ನಂಬಿದ್ದ.

ಅವನ ಬ್ರೇಕು ಬೇಗ ಬೇಗ ಸವೆಯುತ್ತಿತ್ತು. ಇನ್ನೂ ಗಟ್ಟಿ ಮಾಲು ಹಾಕು ಎಂದು ಮೆಕ್ಯಾನಿಕ್ಕಿನ ಬೆನ್ನು ಹತ್ತಿದ. ಗಟ್ಟಿಯದೂ ಸವೆಯಿತು. ಯಾರದೋ ಕಣ್ಣು ಬಿದ್ದಿದೆ ಎಂದು ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ನಿಂಬೆಹಣ್ಣೇನು ಬ್ರೇಕು ಹಿಡಿಯುತ್ತದೆಯೇ?

ಒಂದು ದಿನ ಮಗಳನ್ನೂ ಅವಳ ಹಸುಗೂಸನ್ನೂ ದೇವರ ದರ್ಶನ ಮಾಡಿಸಿ ಇಳಿಸಿಕೊಂಡು ಬರುತ್ತಿದ್ದ. ನಡುದಾರಿಯಲ್ಲಿ ಸುಟ್ಟ ವಾಸನೆ ಬಂತು. ಬ್ರೇಕು ತುಳಿದರೆ ಕಾಲು ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಮಗಳು "ಅಪ್ಪಾ!" ಎಂದು ಚೀರಿದಳು. ಅವನು ಹೇಗೋ ಗೇರು ಹಾಕಿ, ಬೆಟ್ಟದ ಕಡೆಯ ಮಣ್ಣಿನ ದಿಬ್ಬಕ್ಕೆ ಕಾರನ್ನು ಉಜ್ಜಿಸಿ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ. ಕೂಸು ನಿದ್ದೆಯಿಂದ ಏಳಲೂ ಇಲ್ಲ. ಅವನು ಮಾತ್ರ ದಾರಿಯ ಪಕ್ಕದಲ್ಲಿ ಕುಸಿದು ಕೂತು ಅತ್ತ.

ಬೆಟ್ಟ ಹತ್ತುತ್ತಿದ್ದ ಹಿರಿಯ ಚಾಲಕನೊಬ್ಬ ತನ್ನ ಗಾಡಿ ನಿಲ್ಲಿಸಿ ಬಂದ. ಬ್ರೇಕಿನ ಸುದ್ದಿಯನ್ನೇ ಎತ್ತಲಿಲ್ಲ.

"ಮೇಲಿಂದ ಯಾವ ಗೇರಲ್ಲಿ ಹೊರಟೆ?"

"ನ್ಯೂಟ್ರಲ್ಲು, ಅಣ್ಣ."

"ಹತ್ತಿದ ಗೇರಲ್ಲೇ ಇಳೀಬೇಕು ಕಣಪ್ಪ. ಇಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ. ಗೇರು ತುದೀಲೇ ಹಾಕ್ಕೊ, ಗಾಡಿ ಓಟ ಹಿಡಿದ ಮೇಲಲ್ಲ. ಬ್ರೇಕು ತಿರುವಿಗೆ ಇರಲಿ."

ಬ್ರೇಕು ಆರುವವರೆಗೂ ಕಾದು, ಆ ಅಪ್ಪ ಸಣ್ಣ ಗೇರಿನಲ್ಲಿ ಮಗಳನ್ನೂ ಮೊಮ್ಮಗುವನ್ನೂ ಮೆಲ್ಲಗೆ ಇಳಿಸಿಕೊಂಡು ಬಂದ. ಆಮೇಲೆ ಅದೇ ಬೆಟ್ಟ, ಅದೇ ಗಾಡಿ. ಬ್ರೇಕು ಸವೆಯುವುದೇ ಅಪರೂಪವಾಯಿತು. ಬಹಳ ಕಾಲದ ಮೇಲೆ ಸಂತೆಯಲ್ಲಿ ಸಿಕ್ಕ ಮೆಕ್ಯಾನಿಕ್ಕು, "ಏನಯ್ಯಾ, ಈ ಕಡೆ ಸುಳಿವೇ ಇಲ್ಲ, ಗಾಡಿ ಮಾರಿಬಿಟ್ಟೆಯಾ?" ಎಂದು ಕೇಳಿದನಂತೆ.

ಗುರುಗಳು ಕತೆ ಮುಗಿಸಿದರು. ಗುರುಮಲ್ಲಪ್ಪನ ಮುಖ ಅರಳಿತು. ಮಠ ಬಿಡುವ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು. ಅವನು ಉತ್ಸಾಹದಿಂದ ಕೈಮುಗಿದ.

"ತಿಳಿಯಿತು ಬುದ್ಧಿ. ನಾಳೆಯಿಂದ ಧ್ಯಾನಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ."

ಗುರುಗಳು ಹೇಳಿದರು: "ಮೊದಲು ಒಲೆಯ ಮೇಲೆ ಎಸರಿಟ್ಟು, ಆಮೇಲೆ ಕೂರು."