ಮಿಂಚುಳ್ಳಿ ಧುಮುಕುವ ಮುಂಚೆ ತಲೆ ಆಡಿಸುವುದೇಕೆ

ಲೋಕ ಇನ್ನೂ ಹೊಸತು. ಸಮುದ್ರ ಎತ್ತ ಇದೆಯೆಂದು ಗೊತ್ತಿಲ್ಲದೆ ನದಿಗಳು ಎದುರು ಸಿಕ್ಕ ಬೆಟ್ಟವನ್ನೆಲ್ಲ ದಾರಿ ಕೇಳಿಕೊಂಡು ಹರಿಯುತ್ತಿದ್ದ ಕಾಲ.

ಆಗ ಮಿಂಚುಳ್ಳಿಗೆ ಮೀನು ಹಿಡಿಯಲು ಬರುತ್ತಿರಲಿಲ್ಲ. ಹುಳುಹುಪ್ಪಟೆ ಹೆಕ್ಕಿ ತಿನ್ನುತ್ತಿದ್ದಳು. ಒಂದು ಬೇಸಗೆ ಹುಳುಗಳೂ ಮುಗಿದವು. ಹೊಳೆದಂಡೆಯ ಬಿಲದಲ್ಲಿ ಅವಳ ಮೂರು ಮರಿಗಳು ಬೆಳಿಗ್ಗೆಯೆಲ್ಲ ಹಸಿವಿನಿಂದ ಕಿರುಚಿದವು. ಮಧ್ಯಾಹ್ನಕ್ಕೆ ಸುಮ್ಮನಾದವು. ಅವಳಿಗೆ ಹೆದರಿಕೆ ಹುಟ್ಟಿದ್ದು ಆಗಲೇ.

ನೀರಲ್ಲಿ ಮೀನೇನೋ ಕಾಣುತ್ತಿತ್ತು. ಧುಮುಕಿದಳು. ಕೊಕ್ಕಿಗೆ ಬರೀ ನೀರು. ನಾಚಿಕೆಯಾಗಿ ಬೇರೆ ಕೊಂಬೆಗೆ ಹಾರಿ ಅಲ್ಲಿಂದ ಧುಮುಕಿದಳು. ಮತ್ತೆ ನೀರು. ಇನ್ನೊಂದು ಕೊಂಬೆ, ಮತ್ತೆ ನೀರು.

"ಏನಮ್ಮಾ, ಒಂದು ಗುಟುಕು ನೀರು ಕುಡಿಯೋದಕ್ಕೆ ಇಷ್ಟೊಂದು ಸಂಭ್ರಮವೇ?" ಎಂದ, ಒಂಟಿಗಾಲಲ್ಲಿ ನಿಂತಿದ್ದ ಬಕ.

"ಈ ಹೊಳೆ ಮೋಸಗಾರ್ತಿ!" ಎಂದು ಸಿಡುಕಿದಳು ಮಿಂಚುಳ್ಳಿ.

"ನನ್ನನ್ಯಾಕೆ ಬೈತೀಯೇ?" ಎಂದಳು ಹೊಳೆ. "ನನ್ನ ಹತ್ರ ಬಂದ್ರೆ ಬೆಳಕು ಬಾಗುತ್ತೆ. ಮೀನು ಇರೋದೊಂದು ಕಡೆ, ಕಾಣೋದೊಂದು ಕಡೆ."

"ಎಷ್ಟು ಬಾಗುತ್ತೆ, ಹೇಳು ಮತ್ತೆ."

"ಹೇಳಿದ್ರೆ ತಿಳಿಯೋದಲ್ಲ ಕಣೇ. ಬಿದ್ದು ನೋಡ್ಬೇಕು."

ಕಲ್ಲಿನ ಸಂದಿಯಿಂದ ಏಡಿಯಜ್ಜಿ ಅಡ್ಡಡ್ಡ ನಡೆದು ಬಂದಳು. "ಬಿದ್ದಿದ್ದೇನೋ ಸಾಕಷ್ಟಾಯ್ತು. ನೋಡಿದ್ದೆಲ್ಲಿ? ನೀರು ಸೋಕಿದ ಕೂಡಲೇ ಕಣ್ಣು ಮುಚ್ತೀಯ, ತಪ್ಪಿದ ಕೂಡಲೇ ಓಡ್ತೀಯ. ಪಾಪ, ನಿನ್ನ ಹಿಂದಲೆ ಕಲಿಯೋದಾದ್ರೂ ಯಾವುದರಿಂದ?"

"ಹಿಂದಲೆಯಾ?"

"ಹೂಂ. ರೆಕ್ಕೆ, ಕತ್ತು ನಡೆಸೋಳು ಕೂತಿರೋದು ಅಲ್ಲೇ. ಉಪದೇಶ ಅವಳ ಕಿವಿಗೆ ಬೀಳಲ್ಲ. ಎಷ್ಟು ತಪ್ಪಿತು, ಯಾವ ಕಡೆಗೆ ತಪ್ಪಿತು, ಇಷ್ಟನ್ನ ಒಪ್ಪಿಸು. ಮಿಕ್ಕಿದ್ದು ಅವಳು ನೋಡ್ಕೋತಾಳೆ."

ಮಿಂಚುಳ್ಳಿ ಮೊದಲಿನ ಕೊಂಬೆಗೇ ವಾಪಸು ಬಂದಳು. ಕಣ್ಣು ಬಿಟ್ಟುಕೊಂಡೇ ಧುಮುಕಿದಳು. ತಪ್ಪಿತು. ಎರಡು ಬೆರಳು ಆಚೆ.

ಅದೇ ಕೊಂಬೆ. ಧುಮುಕಿದಳು. ತಪ್ಪಿತು. ಒಂದು ಬೆರಳು ಈಚೆ.

ಬಕ ನಕ್ಕ. ಅದನ್ನು ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಅದೇ ಕೊಂಬೆ. ತಪ್ಪಿತು. ಅರ್ಧ ಬೆರಳು ಆಚೆ.

ಹನ್ನೊಂದನೆಯ ಸಲ ಕೊಕ್ಕಿನ ತುದಿಗೆ ಮೀನಿನ ಒಂದು ಹುರುಪೆ ಅಂಟಿಕೊಂಡು ಬಂತು. ಬಿಸಿಲು ಇಳಿಯುತ್ತಿತ್ತು.

"ಸಾಕು ಬಿಡೇ, ನೆನೆದು ಮುದ್ದೆಯಾಗಿದ್ದೀಯ," ಎಂದಳು ಹೊಳೆ.

"ಇನ್ನು ಕೂದಲೆಳೆಯಷ್ಟೇ ಉಳಿದಿರೋದು."

ಕೊಂಬೆಯ ಮೇಲೆ ಕೂತು ಅವಳು ಹಿಂದಲೆಯನ್ನು ಕೇಳಿದಳು: "ಕೂದಲೆಳೆ ಈಚೆ, ಅಲ್ವಾ?" ಹೂಂ ಎಂಬಂತೆ ತಲೆ ತಾನಾಗಿ ಮೇಲೆ ಕೆಳಗೆ ಆಡಿತು. ಮೀನು ಕಂಡಲ್ಲಿಗಲ್ಲ, ಇದ್ದಲ್ಲಿಗೆ ಧುಮುಕಿದಳು. ಕೊಕ್ಕಿನಲ್ಲಿ ಮೀನು ಮಿಸುಕಾಡಿತು!

ಬಾಯಿ ಮೂರು, ಮೀನು ಒಂದೇ. ಕೊಟ್ಟು ಬಂದಳು, ತಲೆ ಆಡಿಸಿದಳು, ಧುಮುಕಿದಳು. ಮತ್ತೆ ಬಂದಳು, ಮತ್ತೆ ಧುಮುಕಿದಳು. ಹೊತ್ತು ಮುಳುಗುವಷ್ಟರಲ್ಲಿ ಮೂರೂ ಮರಿಗಳು ಇನ್ನೂ ಬೇಕೆಂದು ದಂಡೆ ಹಾರಿಹೋಗುವಂತೆ ಕಿರುಚುತ್ತಿದ್ದವು.

ಇವತ್ತಿಗೂ ಕೆರೆಯ ಮೇಲಿನ ತಂತಿಯಲ್ಲಿ ಕೂತ ಮಿಂಚುಳ್ಳಿ ಧುಮುಕುವ ಮುಂಚೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದಲ್ಲ, ಹೋದ ಸಲ ಇಷ್ಟು ತಪ್ಪಿತಲ್ಲವೇ ಎಂದು ಅದು ಕೇಳಿದ್ದಕ್ಕೆ ಅದರ ಹಿಂದಲೆ ಹೂಂ ಎನ್ನುವುದೇ ಹಾಗೆ.