ದೊಡ್ಡಮನೆಯ ತೊರಕೆಗೆ ಜೊತೆ ಹುಡುಕಿದ ಅಕ್ಕು

ಹತ್ತಿರ ಬಂದು ಕೂತುಕೊಳ್ಳಿ. ಕಾಲು ಮಡಚಿಕೊಳ್ಳಿ, ಇದು ಕಾಲಿನ ಕಥೆಯೂ ಹೌದು.

ಬಹಳ ಬಹಳ ಹಿಂದೆ, ಹೊಳೆಯ ನಡುವಿನ ಕುದ್ರುವಿನಲ್ಲಿ ಒಂದೂರಿತ್ತು. ಕುದ್ರು ಅಂದರೆ ಗೊತ್ತಲ್ಲ, ಸುತ್ತ ನೀರು, ನಡುವೆ ಒಂದಿಷ್ಟು ನೆಲ. ಎಷ್ಟು ಹಿಂದೆ ಅಂತ ನನ್ನಜ್ಜಿಗೂ ಗೊತ್ತಿರಲಿಲ್ಲ, ಅವರಜ್ಜಿ ಹೇಳಿದ್ದನ್ನು ಅವರು ನನಗೆ ಹೇಳಿದರು, ಅಷ್ಟೇ. ಆ ಊರಿನಲ್ಲಿ ಅಕ್ಕು ಅಂತ ಒಬ್ಬಳಿದ್ದಳಂತೆ. ಮೀನು ಹಿಡಿದು ಬದುಕುವವರ ಮನೆಯಲ್ಲಿ ಹುಟ್ಟಿದವಳು. ಅವಳು ಕಾಲೆತ್ತಿ ನಡೆಯುತ್ತಿರಲಿಲ್ಲವಂತೆ. ಎರಡೂ ಕಾಲನ್ನು ನೆಲಕ್ಕೆ ಉಜ್ಜಿಕೊಂಡೇ ಹೋಗುತ್ತಿದ್ದಳು. ಅಂಗಳ ಗುಡಿಸುವ ಕೆಲಸ ಅಕ್ಕುವಿಗೇ ಕೊಟ್ಟರಾಯಿತು, ಪೊರಕೆ ಬೇಡ ಅಂತ ಊರವರು ತಮಾಷೆ ಮಾಡುತ್ತಿದ್ದರಂತೆ.

ಹಾಗೇಕೆ ನಡೆಯುತ್ತಿದ್ದಳು ಅಂತೀರಾ? ಮದುವೆಯಾದ ಹೊಸತರಲ್ಲಿ ಮೊಣಕಾಲುದ್ದ ನೀರಿನಲ್ಲಿ ಚಿಪ್ಪು ಹೆಕ್ಕುವಾಗ ತೊರಕೆಯ ಮೇಲೆ ಕಾಲಿಟ್ಟಿದ್ದಳು. ತೊರಕೆ ದೋಸೆಯ ಹಾಗೆ ಚಪ್ಪಟೆ ಮೀನು. ಮರಳಿನಲ್ಲಿ ಮೈ ಹೂತು ಕಣ್ಣು ಮಾತ್ರ ಹೊರಗಿಟ್ಟು ಮಲಗುತ್ತದೆ. ಉದ್ದ ಬಾಲ, ಬಾಲದಲ್ಲಿ ಗರಗಸದಂಥ ಮುಳ್ಳು, ಮುಳ್ಳಿನಲ್ಲಿ ನಂಜು. ಕುಟ್ಟಿತು. ಅಕ್ಕು ಒಂದು ವರ್ಷ ಹಾಸಿಗೆ ಹಿಡಿದಳು. ಗಂಡನ ಮನೆಯವರು ತವರಿಗೆ ಕಳಿಸಿದರು, ಮತ್ತೆ ಕರೆಸಿಕೊಳ್ಳಲಿಲ್ಲ. ಪಾಪ, ಆಗ ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ.

ಎದ್ದು ನಿಂತಾಗ ಬಲಗಾಲು ಎಳೆಯುತ್ತಿತ್ತು. ಆದರೂ ಹೊಟ್ಟೆ ಕೇಳಬೇಕಲ್ಲ, ಮತ್ತೆ ಹೊಳೆಗಿಳಿದಳು. ಇಳಿದಾಗ ಒಂದು ವಿಷಯ ಕಂಡಳಂತೆ. ಎಳೆದ ಕಾಲಿನ ಮುಂದೆ ಮರಳು ಕದಲುತ್ತದೆ, ಅದು ಕದಲಿದ್ದು ತಿಳಿದು ತೊರಕೆ ಮೊದಲೇ ಎದ್ದು ಹೋಗುತ್ತದೆ. ಅಂದಿನಿಂದ ನೆಟ್ಟಗಿದ್ದ ಎಡಗಾಲನ್ನೂ ಎಳೆದೇ ನಡೆದಳು. ಕಾಲೆತ್ತಿ ನಡೆಯುವ ಗಟ್ಟಿಗರನ್ನು ವರ್ಷಕ್ಕೊಬ್ಬರಂತೆ ತೊರಕೆ ಕುಟ್ಟುತ್ತಲೇ ಇತ್ತು. ಅಕ್ಕುವನ್ನು ಮತ್ತೆಂದೂ ಮುಟ್ಟಲಿಲ್ಲ. ಹೊಳೆ ಅವಳ ಕಾಲನ್ನು ಗುರುತು ಹಿಡಿಯುತ್ತದೆ ಅಂತ ಜನ ಹೇಳಿಕೊಂಡರು. ಜನಕ್ಕೆ ಹೇಳಲು ಏನಾದರೂ ಬೇಕು.

ಆ ಊರಿಗೆ ದೊಡ್ಡಮನೆ ಅಂತ ಒಂದಿತ್ತು. ಯಜಮಾನ ಸಂಕಯ್ಯ ಹೆಗ್ಡೆ, ಅವನ ತಾಯಿ ದುಗ್ಗಮ್ಮ. ಒಳಂಗಳದ ನಡುವೆ ಎಂಟು ಜನ ಸುತ್ತ ಕೂರುವಷ್ಟು ದೊಡ್ಡ ಕಲ್ಲಿನ ತೊಟ್ಟಿ. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲವಲ್ಲ, ಆಗಿನ ಅಡುಗೆಗೆ ಹೊಳೆಯ ಮೀನನ್ನು ಜೀವಂತ ತಂದು ಅದರಲ್ಲಿ ಬಿಟ್ಟುಕೊಳ್ಳುವುದು ಆ ಕಡೆಯ ಪದ್ಧತಿ.

ಒಂದು ವರ್ಷ ದುಗ್ಗಮ್ಮನ ಗಂಡ ನೆರೆಗೆ ಸಿಕ್ಕಿ ಹೋದರು, ದೇಹವೂ ಸಿಗಲಿಲ್ಲ. ನೆರೆ ಇಳಿದ ಮೂರನೆಯ ದಿನ ನೋಡಿದರೆ ತೊಟ್ಟಿಯಲ್ಲಿ ಒಂದು ತೊರಕೆ. ಚಿಕ್ಕದು, ಊಟದ ತಟ್ಟೆಯಷ್ಟಗಲ. ಯಾರೂ ಹಿಡಿದು ತಂದಿದ್ದಲ್ಲ, ನೆರೆಯ ನೀರಿನ ಜೊತೆ ಬಂದದ್ದು. ಆಳುಗಳು ಕತ್ತಿ ತಂದರು. ದುಗ್ಗಮ್ಮ ತೊಟ್ಟಿಯ ಕಟ್ಟೆಗೆ ಅಡ್ಡ ಕೂತುಬಿಟ್ಟರಂತೆ. ಅವರನ್ನು ಕರೆದುಕೊಂಡು ಹೋದ ನೀರು ಇದನ್ನು ತಂದುಕೊಟ್ಟಿದೆ, ಯಾರೂ ಮುಟ್ಟಬಾರದು ಅಂದರು. ಮಗನಿಗೆ ಇನ್ನೂ ಒಂದು ಮಾತು ಹೇಳಿದರು.

"ಒಂಟಿ ಇಪ್ಪುದು ಅಂದ್ರೆ ಎಂತ ಅಂತ ನಂಗೊತ್ತಿತ್ ಮಗಾ. ಅದ್ನ ಒಂದನ್ನೇ ಬಿಡ್ಬೇಡ."

ತಾಯಿಯ ಮಾತು ಸಂಕಯ್ಯನಿಗೆ ವೇದ. ಒಳ್ಳೆಯವನೇ, ಆದರೆ ಅವಸರದವನು. ಚಂದ ಕಾಣಲಿ ಅಂತ ಬೆರಳುದ್ದದ ಬೆಳ್ಳಿಮೀನು ನೂರು ತಂದು ಬಿಟ್ಟ. ತೊರಕೆಗೆ ಅದು ಜೊತೆಯಲ್ಲ, ಊಟ. ವಾರದಲ್ಲಿ ತೊಟ್ಟಿ ಖಾಲಿಯಾಯಿತು. ತಿನ್ನಲಾಗದಂಥದ್ದು ಬೇಕು ಅಂತ ಮೊಳದುದ್ದದ ಕುಚ್ಚು ಮೀನು ತಂದ. ಅದು ತೊರಕೆಯ ಅಂಚನ್ನು ಸುತ್ತಲೂ ಕಚ್ಚಿ ಹರಿಯಿತು. ಅದನ್ನು ತೆಗೆಸಿ, ಸಾಧು ಮೀನು ಅಂತ ಯಾರೋ ಹೇಳಿದರೆಂದು, ಕಲ್ಲಿಗೆ ಬಾಯಿಟ್ಟು ಪಾಚಿ ಹೀರುವ ಮೀನು ತಂದ. ತೊಟ್ಟಿಯಲ್ಲಿ ಪಾಚಿ ಎಲ್ಲಿತ್ತು? ಅದು ತೊರಕೆಯ ಬೆನ್ನಿಗೇ ಬಾಯಿಟ್ಟು ಹೀರಿತು, ಬೆನ್ನೆಲ್ಲ ಹುಣ್ಣಾಯಿತು. ಹೊಳೆಯಲ್ಲಿರುವ ಹಾಗೇ ಇರಲಿ ಅಂತ ತಳಕ್ಕೆ ಒರಟು ಕಲ್ಲು ಬೇರೆ ಹಾಸಿಸಿದ್ದ. ಮೈ ಹೂತುಕೊಳ್ಳಲು ಹೋದ ತೊರಕೆಯ ಹೊಟ್ಟೆಯೂ ತರಚಿತು.

ಪ್ರೀತಿಯಿಂದಲೇ ಮಾಡಿದ್ದು ಎಲ್ಲವೂ. ಪ್ರೀತಿಯಿಂದ ಮಾಡಿದ್ದರಿಂದಲೇ ತಪ್ಪು ಅಂತ ಹೊಳೆಯಲು ತಡವಾಯಿತು.

ತೊರಕೆ ತಿನ್ನುವುದು ಬಿಟ್ಟಿತು. ಅದು ತಿನ್ನದ ದಿನ ದುಗ್ಗಮ್ಮನಿಗೂ ಅನ್ನ ಸೇರಲಿಲ್ಲ. ಅದು ತೊಟ್ಟಿಯಲ್ಲಿ ಕಾಣದ ದಿನ ನಾನೂ ಇರುವುದಿಲ್ಲ ಅಂತ ತೀರ ಮೆತ್ತಗೆ ಹೇಳಿದರಂತೆ. ವೈದ್ಯರು ಬಂದರು, ಮಂತ್ರ ಹಾಕುವವರು ಬಂದರು. ಬೇಜಾರು ಕಳೆಯಲಿ ಅಂತ ಸಂಕಯ್ಯ ನೆಂಟರ ಹೆಂಗಸರನ್ನು ಕರೆಸಿ ತಾಯಿಯ ಪಕ್ಕ ಕೂರಿಸಿದ. ಅವರು ಬೆಳಗಿನಿಂದ ಸಂಜೆಯವರೆಗೆ ಮಾತಾಡಿ ಮಾತಾಡಿ ಮುದುಕಿಯ ತಲೆ ತಿಂದರು. ಕೊನೆಗೆ ಯಾರೋ ಅಕ್ಕುವಿನ ಹೆಸರೆತ್ತಿದರು.

ಅಕ್ಕುವಿಗೆ ಹೋಗುವ ಮನಸ್ಸಿರಲಿಲ್ಲ. ತನ್ನ ಕಾಲನ್ನೂ ಸಂಸಾರವನ್ನೂ ತಿಂದ ಜಾತಿ ಅದು, ಸಾಯಲಿ ಅಂತಲೇ ಅನಿಸಿತು. ದೊಡ್ಡಮನೆಯ ಮಾತು ಮೀರಲಾರದೆ ಹೋದಳು. ತೊಟ್ಟಿಯಲ್ಲಿ ಬಗ್ಗಿ ನೋಡಿದಳು. ಹರಿದ ಅಂಚು, ಹುಣ್ಣಿನ ಬೆನ್ನು. ಮೂಲೆಯಲ್ಲಿ ಮುದುಡಿ, ಹೂತುಕೊಳ್ಳಲು ಜಾಗವಿಲ್ಲದೆ ಬರಿಮೈಯಲ್ಲಿ ಮಲಗಿತ್ತು. ತವರಿನ ಜಗಲಿಯ ಮೂಲೆಯಲ್ಲಿ ವರ್ಷವಿಡೀ ತಾನು ಹೀಗೇ ಮಲಗಿದ್ದು ಅವಳಿಗೆ ನೆನಪಾಯಿತಂತೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಕಣ್ಣಲ್ಲಿ ನೀರು ಬಂತು.

"ಕೂಕಂಬುಕೆ ಒಂದ್ ಮಣೆ ಕೊಡಿ ಒಡೆಯರೆ," ಅಂದಳು. "ಮೂರ್ ದಿನ ನನ್ನ ಯಾರೂ ಮಾತಾಡ್ಸುಕಾಗ."

ಮೂರು ದಿನ ತೊಟ್ಟಿಯ ಪಕ್ಕ ಕೂತು ನೋಡಿದಳು. ಆಚೆ ಬದಿಯಲ್ಲಿ ದುಗ್ಗಮ್ಮನೂ ಕೂತಿದ್ದರು. ಇಬ್ಬರ ನಡುವೆ ಮಾತಿಲ್ಲ. ಮಾತಿಲ್ಲದೆ ಪಕ್ಕದಲ್ಲಿ ಇನ್ನೊಂದು ಜೀವ ಇರುವುದು ದುಗ್ಗಮ್ಮನಿಗೆ ಎಷ್ಟೋ ದಿನದ ಮೇಲೆ ಹಿತವಾಗಿ ಕಂಡಿತಂತೆ. ಮೂರನೆಯ ಸಂಜೆ ಅವರೇ ಬಾಯಿಬಿಟ್ಟರು, ನಿನ್ನ ಕಾಲು ಹೋದದ್ದೂ ಇಂಥದ್ದರಿಂದಲೇ ಅಲ್ಲವಾ, ಸಿಟ್ಟಿಲ್ಲವಾ ಅಂತ ಕೇಳಿದರು.

"ಇತ್ತಮ್ಮ," ಅಂದಳು ಅಕ್ಕು. "ಆದ್ರೆ ಅದು ನನ್ನ ಮನಿಗೆ ಬಂದದ್ದಲ್ಲ. ನಾನೇ ಅದ್ರ ಮನಿ ಮೇಲೆ ಕಾಲಿಟ್ಟದ್ದು. ಬಂದೆ ಅಂತ ಹೇಳ್ಲೇ ಇಲ್ಲೆ."

ಮರುದಿನ ಕಲ್ಲೆಲ್ಲ ತೆಗೆಸಿದಳು. ಹೊಳೆಯ ನುಣ್ಣನೆಯ ಮರಳನ್ನು ಏಳು ನೀರಿನಲ್ಲಿ ತೊಳೆಸಿ ಗೇಣು ದಪ್ಪಕ್ಕೆ ಹಾಸಿಸಿದಳು. ತೊರಕೆ ಮೈ ಕೊಡವಿ ಹೂತುಕೊಂಡಿತು. ಅದು ನೆಮ್ಮದಿಯಾಗಿ ಮಲಗಿದ್ದನ್ನು ಮೊದಲ ಸಲ ನೋಡಿದ್ದು ಅಂತ ದುಗ್ಗಮ್ಮ ಅಂದರು.

ಆಮೇಲೆ ಜೊತೆ ಹುಡುಕುವ ಕೆಲಸ. ಅಕ್ಕು ಹೊಳೆಯಿಂದ ನಲವತ್ತು ಮೀನು ಹಿಡಿದಳು. ಎಲ್ಲವೂ ತೊರಕೆಯ ಬಾಯಿಗೆ ಹಿಡಿಸದಷ್ಟು ದೊಡ್ಡವು, ತೊರಕೆಯನ್ನು ಕೆಣಕದಷ್ಟು ಚಿಕ್ಕವು. ಒಂದೊಂದನ್ನೂ ಬೇರೆ ಬೇರೆ ಮಣ್ಣಿನ ಬಾನಿಯಲ್ಲಿ ಬಿಟ್ಟಳು. ಪ್ರತಿ ಬಾನಿಯ ತಳದಲ್ಲಿ, ತೊರಕೆಯ ಬೆನ್ನು ಅನ್ನುವ ಲೆಕ್ಕಕ್ಕೆ, ಒಂದೊಂದು ಕೆಸುವಿನ ಎಲೆ ಹಾಸಿ, ಅದಕ್ಕೆ ಸಿಗಡಿಯ ರಸ ಸವರಿ, ಅಂಚಿಗೆ ಕಲ್ಲಿಟ್ಟಳು. ಒಂಬತ್ತು ದಿನ ಕಾದಳು. ಕೆಳಗಿಳಿದು ಎಲೆಗೆ ಬಾಯಿ ಹಾಕಿದ ಮೀನನ್ನು ಹೊಳೆಗೆ ವಾಪಸು ಬಿಟ್ಟಳು. ಮೇಲಿನಿಂದ ಹಾಕಿದ ತಿನಿಸಿಗೆ ನುಗ್ಗಿ ಒಂದೇ ಗುಟುಕಿಗೆ ಮುಗಿಸುವವನ್ನೂ ಬಿಟ್ಟಳು. ಕೆಳಗೆ ನಿಧಾನಕ್ಕೆ ತಿನ್ನುವ ಜೀವಕ್ಕೆ ಇವು ಏನೂ ಉಳಿಸುವುದಿಲ್ಲ ಅಂದಳಂತೆ. ಹೆಣ್ಣು ನೋಡಲು ಹೋದವರೂ ಇಷ್ಟು ದಿನ ಕೂರುವುದಿಲ್ಲ ಅಂತ ಊರು ನಕ್ಕಿತು. ನಗಲಿ ಬಿಡಿ.

ನಲವತ್ತರಲ್ಲಿ ಉಳಿದದ್ದು ಎರಡು. ಮೈಮೇಲೆ ಮುತ್ತಿನಂಥ ಚುಕ್ಕಿ ಇದ್ದವು, ಹೆಸರು ಯಾರಿಗೂ ಗೊತ್ತಿಲ್ಲ. ಅವು ತೊಟ್ಟಿಯ ಮೇಲಿನ ನೀರಿನಲ್ಲೇ ಉಳಿದವು, ಕೆಳಗಿನ ನೀರನ್ನು ತೊರಕೆಗೇ ಬಿಟ್ಟವು. ತೊರಕೆ ಎದ್ದಾಗ ಎರಡೂ ಅದರ ಮೇಲೆ ಸಾಗುತ್ತಿದ್ದವು, ಮಲಗಿದಾಗ ದೂರ ನಿಲ್ಲುತ್ತಿದ್ದವು. ತಿಂಗಳಲ್ಲಿ ಹುಣ್ಣು ಮಾಯಿತು. ದುಗ್ಗಮ್ಮ ಗಂಜಿ ಬಿಟ್ಟು ಅನ್ನಕ್ಕೆ ಬಂದರು. ಏನು ಬೇಕು ಅಂತ ಸಂಕಯ್ಯ ಕೇಳಿದ್ದಕ್ಕೆ ಅಕ್ಕು ಏನೂ ಬೇಡ ಅಂದಳು. ದಿನವೂ ಬಂದು ತಿನಿಸು ಹಾಕುವುದು, ಆ ಮಣೆಯ ಮೇಲೆ ಕೂರುವುದು, ಸಂಜೆಗೆ ತನ್ನ ಗುಡಿಸಲಿಗೆ ಹೋಗುವುದು, ಇಷ್ಟೇ.

ಹೀಗೆ ಎಷ್ಟೋ ವರ್ಷ. ತೊರಕೆ ದೊಡ್ಡದಾಯಿತು. ಮೊರದಷ್ಟು ಅಂತ ಕೆಲವರು, ಅದಕ್ಕೂ ಅಗಲದ ಗೆರಸೆಯಷ್ಟು ಅಂತ ಕೆಲವರು. ತೊಟ್ಟಿಯನ್ನೇ ತುಂಬಿತ್ತು ಅನ್ನುವವರೂ ಇದ್ದಾರೆ, ಅವರನ್ನು ನಂಬಬೇಡಿ.

ಆಮೇಲೆ ಆ ನೆರೆ ಬಂತು. ಬೆಳಗಿನ ಹೊತ್ತು ಹೊಳೆ ಅಂಗಳಕ್ಕೇ ಏರಿತು. ತೊಟ್ಟಿಯ ಕಟ್ಟೆ ಮುಳುಗಿತು. ಕೆಂಪು ನೀರು, ತಳ ಕಾಣದು. ದೋಣಿ ಹೊರಬಾಗಿಲಿಗೆ ಬಂದು ನಿಂತಿದೆ, ಮನೆಮಂದಿ, ತಿನಿಸು ಹಾಕಲು ಬಂದಿದ್ದ ಅಕ್ಕು, ಎಲ್ಲರೂ ಒಳಜಗಲಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ನಡುವೆ ಮೂವತ್ತು ಮಾರು ದೂರ ಸೊಂಟದುದ್ದ ನೀರು, ಆ ನೀರಿನೊಳಗೆ ಎಲ್ಲೋ ತೊರಕೆ, ಅದರ ಬಾಲದಲ್ಲಿ ಮೊಳದುದ್ದದ ಮುಳ್ಳು. ಒಬ್ಬರೂ ಕಾಲಿಡಲಿಲ್ಲ. ನೀರು ಜಗಲಿಗೂ ಏರತೊಡಗಿತು.

ಅಕ್ಕು ಮುಂದಾದಳು. ನನ್ನ ಹಿಂದೆ ಸಾಲಾಗಿ ಬನ್ನಿ, ಕಾಲೆತ್ತಬೇಡಿ ಅಂದಳು. ಅವಳು ಕಾಲೆಳೆದಳು, ಹಿಂದೆ ಸಂಕಯ್ಯ ತಾಯಿಯನ್ನು ಹೊತ್ತು ಎಳೆದ, ಅವನ ಹಿಂದೆ ಮನೆಯವರು, ಆಳುಗಳು. ಆ ನಡಿಗೆಯನ್ನು ನೋಡಿ ನಕ್ಕಿದ್ದವರೆಲ್ಲ ಅದೇ ನಡಿಗೆಯಲ್ಲಿ ನಡೆದರು. ನಡುನೀರಿನಲ್ಲಿ ಅಕ್ಕುವಿನ ಕಾಲಿನ ಮುಂದೆ ನೆರೆ ತಂದ ಮರಳು ಕದಲಿತು. ಅಗಲವಾದ ನುಣ್ಣನೆಯ ಮೈ ಅವಳ ಹಿಮ್ಮಡಿಯನ್ನು ಸವರಿ ಪಕ್ಕಕ್ಕೆ ಸರಿಯಿತು. ಒಬ್ಬರಿಗೂ ಮುಳ್ಳು ತಾಗಲಿಲ್ಲ. ತೊರಕೆಯೇ ಮುಂದೆ ಮುಂದೆ ಹೋಗಿ ದಾರಿ ತೋರಿಸಿತು ಅಂತಾರೆ. ನನಗೆ ಗೊತ್ತಿಲ್ಲ, ಸರಿದು ದಾರಿ ಬಿಟ್ಟದ್ದೇ ದೊಡ್ಡದು ಅಂತ ನನ್ನಜ್ಜಿ ಹೇಳುತ್ತಿದ್ದರು.

ದೋಣಿ ದಡದ ಗುಡ್ಡ ಮುಟ್ಟಿದ ಮೇಲೆ ದುಗ್ಗಮ್ಮ ಹೊಳೆಯನ್ನೇ ನೋಡುತ್ತ ಕೂತರು. ಮಗನಿಗೆ ತಾಯಿಯ ಹಳೆಯ ಮಾತು ನೆನಪಾಯಿತು. ಅದು ತೊಟ್ಟಿಯಲ್ಲಿ ಕಾಣದ ದಿನ ಇದೇ ಅಲ್ಲವಾ? ದುಗ್ಗಮ್ಮ ಅಕ್ಕುವನ್ನು ಕರೆದು, ಅದು ಹೋಯಿತಾ ಅಂತ ಕೇಳಿದರು. ಹೋಯಿತು ಅಂದಳು ಅಕ್ಕು.

"ಒಂಟಿ ಹೋಯ್ತಾ?"

"ಇಲ್ಲೆ ಅಮ್ಮ. ಎರಡ್ ಮೀನೂ ಮೇಲೇ ಇದ್ದೋ. ನಾನ್ ಕಂಡೆ."

ಅಷ್ಟು ಕೆಂಪು ನೀರಿನಲ್ಲಿ ಅವಳಿಗೆ ಏನು ಕಂಡಿತೋ ದೇವರಿಗೇ ಗೊತ್ತು. ದುಗ್ಗಮ್ಮ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರಂತೆ. ಆಮೇಲೆ ಹಸಿವಾಗುತ್ತಿದೆ ಅಂದರು. ನನಗೊಬ್ಬಳಿಗೇ ಬೇಡ, ಅಕ್ಕುವಿಗೂ ಬಡಿಸಿ ಅಂದರು. ನೆರೆ ಇಳಿದ ಮೇಲೆ ಅಕ್ಕು ಗುಡಿಸಲಿಗೆ ಹೋಗಲಿಲ್ಲ. ಖಾಲಿ ತೊಟ್ಟಿಯ ಪಕ್ಕ ಆ ಮಣೆ ಇತ್ತಲ್ಲ, ಅದರ ಎದುರು ದುಗ್ಗಮ್ಮ ಇದ್ದರಲ್ಲ. ಮುದುಕಿಯ ಕೊನೆಯ ದಿನದವರೆಗೂ ಇಬ್ಬರೂ ಅಲ್ಲೇ ಕೂತಿರುತ್ತಿದ್ದರು, ಹೆಚ್ಚು ಮಾತಿಲ್ಲದೆ.

ದೊಡ್ಡಮನೆ ಈಗಿಲ್ಲ, ತೊಟ್ಟಿಯ ಒಂದು ಬದಿಯ ಕಲ್ಲು ಮಾತ್ರ ಉಳಿದಿದೆ. ಆದರೆ ಇವತ್ತಿಗೂ ಆ ಕುದ್ರುವಿನವರು ಹೊಳೆಗಿಳಿದರೆ ಕಾಲೆಳೆದೇ ನಡೆಯುತ್ತಾರೆ. ಆ ಊರಿಗೆ ಮದುಮಗಳು ಬಂದರೆ ಹೊಸ್ತಿಲಿನ ಒಳಗೆ ಹೊಳೆಯ ಮರಳು ಹಾಸುತ್ತಾರೆ. ಅವಳು ಅದರ ಮೇಲೆ ಕಾಲೆತ್ತಿ ಇಡುವಂತಿಲ್ಲ, ಎರಡು ಹೆಜ್ಜೆ ಎಳೆದೇ ಬರಬೇಕು. ಮರಳಿನ ಸದ್ದು ಕೇಳಿದ ಅತ್ತೆ ಕೂತಲ್ಲಿಂದ ಎದ್ದು, ಒಂದು ಮಣೆಯ ಜಾಗ ಬಿಟ್ಟು, ಪಕ್ಕಕ್ಕೆ ಸರಿಯಬೇಕು. ಸರಿದ ಮೇಲೆಯೇ ದೀಪ ಹಚ್ಚುವುದು.