ದುರುಗೇಶಿ ಒತ್ತಿದ ಬ್ರೇಕು

ಕೂತ್ಕೊಳ್ಳಿ, ಕಾಲು ಚಾಚ್ಕೊಂಡೇ ಕೂತ್ಕೊಳ್ಳಿ. ಈ ದುರುಗೇಶಿ ಕತೆ ಕೇಳಿದ ಮೇಲೆ ನಿಮ್ಮ ಮನೆ ಮಕ್ಕಳೆಲ್ಲ ಬೃಹಸ್ಪತಿಗಳ ಹಾಗೆ ಕಾಣ್ತಾರೆ.

ದಾವಣಗೆರೆ ಹತ್ತಿರ ಹೈವೇ ಪಕ್ಕ ಒಂದು ಊರು. ಅಲ್ಲಿ ಹೊನ್ನವ್ವ, ಅವಳಿಗೊಬ್ಬನೇ ಮಗ ದುರುಗೇಶಿ. ಸ್ಟೇರಿಂಗ್ ಹಿಡಿದರೆ ಕೈ ಬಂಗಾರ, ತಲೆ ಮಾತ್ರ ಖಾಲಿ ಡಬ್ಬ. ಹೇಳಿದ್ದಷ್ಟೇ ಮಾಡ್ತಾನೆ, ಹೇಳಿದ ಹಾಗೇ ಮಾಡ್ತಾನೆ. ಟ್ರ್ಯಾಕ್ಟರ್ ಕೊಟ್ಟು "ನೆಟ್ಟಗೆ ಉಳೋ" ಅಂದಿದ್ದಕ್ಕೆ ನೆಟ್ಟಗೆ ಹೋಗಿ ಮೂರು ಜನರ ಹೊಲ ಉತ್ತು ಬಂದವನು. ಟ್ರ್ಯಾಕ್ಟರ್ ಕೆಲಸ ಹೋಯ್ತು, ಆಮೇಲೆ ಸಿಕ್ಕ ಟೆಂಪೋ ಕೆಲಸಾನೂ ಹೋಯ್ತು. ಹೊನ್ನವ್ವ ಹಣೆ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಮಂಡಕ್ಕಿ ಭಟ್ಟಿ ಸಾವ್ಕಾರ್ರು ರುದ್ರಮುನಿಯಪ್ಪ ಒಂದು ಕಾರು ತಂದರು. ಕೆಂಪನೆ ಕಾರು, ನೆಲಕ್ಕೆ ಹೊಟ್ಟೆ ತಾಗೋ ಹಾಗಿರೋ ಓಟದ ಕಾರು. ಕ್ಲಚ್ ಇಲ್ಲ, ಬ್ರೇಕ್ ಮೇಲಿಂದ ಕಾಲೆತ್ತಿದರೆ ತಾನೇ ಮುಂದಕ್ಕೆ ತೆವಳುತ್ತೆ. ಸಾವ್ಕಾರ್ರಿಗೆ ಓಡಿಸೋಕೆ ಬರಲ್ಲ, ಓಡಬೇಕು ಅನ್ನೋ ಆಸೆ ಮಾತ್ರ ಬೆಟ್ಟದಷ್ಟು. ಹೊನ್ನವ್ವ ಹೋಗಿ ಕೈ ಮುಗಿದಳು, ದುರುಗೇಶಿ ಡ್ರೈವರ್ ಆದ.

"ಓಡೋದು ಏನ್ ಮಹಾ! ಇಳಿಜಾರು ಸಿಕ್ಕರೆ ಹಳೇ ಲಾರೀನೂ ಓಡ್ತೈತೆ. ಈ ಗಾಡಿ ನಿಲ್ಲೋದು ನೋಡ್ಬೇಕು ಕಣೋ! ಮುಂದೆ ಏನೇ ಕಂಡ್ರೂ ಬ್ರೇಕ್ ಒತ್ತು, ಗೊತ್ತಾಯ್ತಾ?" ಅಂದ್ರು ಸಾವ್ಕಾರ್ರು.

"ಗೊತ್ತಾಯ್ತು ಸಾವ್ಕಾರ್ರೇ!"

ಹೊರಟರು. ಮೈಲಿಗಲ್ಲು ಕಂಡಿತು, ಒತ್ತಿದ. ಬೇವಿನ ಮರ ಕಂಡಿತು, ಒತ್ತಿದ. ಮೋಡ ಕಂಡಿತು, ಅದಕ್ಕೂ ಒತ್ತಿದ! ಹರಿಹರ ಮುಟ್ಟೋಕೆ ಮಧ್ಯಾಹ್ನ ಆಯ್ತು. ಸಾವ್ಕಾರ್ರ ಕನ್ನಡಕ ಮೂರು ಸಲ ಕಾಲಬುಡಕ್ಕೆ ಬಿತ್ತು.

ಮನೇಲಿ ಅವ್ವ ಬೈದಳು. "ಥೂ ಪೆದ್ದೇ! ಮೋಡಕ್ಕೆ ಯಾರಾದ್ರೂ ಬ್ರೇಕ್ ಹಾಕ್ತಾರೇನೋ? ಜೀವ ಇರೋದು ಅಡ್ಡ ಬಂದ್ರೆ ಒತ್ತಬೇಕು!"

"ಹಂಗೇ ಆಗ್ಲವ್ವ!"

ಮಾರನೇ ದಿನ ಸರ್ವಿಸ್ ರಸ್ತೆ. ಸುಗ್ಗಿ ಕಾಲ ನೋಡಿ, ನಮ್ಮ ಕಡೆ ಮೆಕ್ಕೆಜೋಳ ಒಣಗೋದು ಡಾಂಬರ್ ಮೇಲೇ ಅಲ್ವಾ? ಗುಡ್ಡೆ ಗುಡ್ಡೆಯಾಗಿ ರಾಶಿ ಹಾಕಿದ್ರು.

"ಲೇ, ಜೋಳ! ಜೋಳ!" ಅಂದ್ರು ಸಾವ್ಕಾರ್ರು.

"ಅದಕ್ಕೆ ಜೀವ ಇಲ್ಲ ಸಾವ್ಕಾರ್ರೇ!" ಅಂತ ಮೊದಲನೇ ರಾಶಿಗೆ ನುಗ್ಗಿಸಿದ. "ಇದಕ್ಕೂ ಇಲ್ಲ!" ಅಂತ ಎರಡನೇದಕ್ಕೆ ನುಗ್ಗಿಸಿದ. ಮೂರನೇ ರಾಶಿ ಹಿಂದಿನಿಂದ ಒಬ್ಬ ಹೆಂಗಸು ಪೊರಕೆ ಹಿಡಿದು ಎದ್ದು ನಿಂತಳು. ಅವಳಿಗೆ ಜೀವ ಇತ್ತು. ಆಗ ಒತ್ತಿದ! ಕಾರಿನ ಮೂಗಿನಲ್ಲಿ ಅರ್ಧ ಚೀಲ ಜೋಳ. ಪೊರಕೆ ಏಟು ಸಾವ್ಕಾರ್ರಿಗೂ ಬಿತ್ತು.

"ನಿನ್ನ ಕಟ್ಕೊಂಡು ನಾನು ಸಾಯ್ಲಾ?" ಅಂತ ಅವ್ವ ಕೂಗಾಡಿದಳು. "ಬ್ರೇಕ್ ಒತ್ತೋ ಮುಂಚೆ ಹಿಂದೆ ಮುಂದೆ ನೋಡು! ನಾಲ್ಕು ಜನರನ್ನ ಕೇಳು! ಡ್ರೈವರ್ ಅಂದ್ರೆ ಅಷ್ಟು ಬುದ್ಧಿ ಬೇಡ್ವಾ?"

"ಹಂಗೇ ಆಗ್ಲವ್ವ!"

ಮೂರನೇ ದಿನ ಮುಂದೆ ಟೋಲ್ ಗೇಟು ಕಂಡಿತು. ಬ್ರೇಕ್ ಒತ್ತಬೇಕು. ದುರುಗೇಶಿ ಏನು ಮಾಡಿದ ಗೊತ್ತಾ? ದೂರದಲ್ಲೇ ಕಾರು ಬದಿಗೆ ಹಾಕಿ, ಆಫ್ ಮಾಡಿ, ಇಳಿದು, ಹಿಂದೆ ಬರ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದ.

"ಅಣ್ಣಾ, ಬ್ರೇಕ್ ಒತ್ತಬೇಕು ಅಂತಿದೀನಿ. ಒತ್ತಲಾ?"

ಲಾರಿ ಡ್ರೈವರ್ ಕಣ್ಣು ಕಣ್ಣು ಬಿಟ್ಟ. "ಈಗ ಗಾಡಿ ಹೆಂಗೆ ನಿಲ್ಸಿದೆಯಲೇ?"

"ಬ್ರೇಕ್ ಒತ್ತಿ, ನಿನ್ನ ಕೇಳೋಕೆ!"

ನಾಲ್ಕು ಜನರನ್ನ ಕೇಳು ಅಂದಿದ್ದಳಲ್ಲ ಅವ್ವ, ಇನ್ನೂ ಮೂರು ಲಾರಿ ನಿಲ್ಲಿಸಿದ. ಆಮೇಲೆ ಏನು ಹೇಳ್ಲಿ, ಹಾರನ್ ಸದ್ದು ಹರಿಹರದವರೆಗೂ ಕೇಳಿಸ್ತಂತೆ.

ಸಾವ್ಕಾರ್ರು ಹೊನ್ನವ್ವನ ಮನೆ ಬಾಗಿಲಿಗೇ ಬಂದ್ರು. "ನೋಡವ್ವ, ನಿನ್ನ ಮುಖ ನೋಡಿ ನಾಳೆ ಒಂದೇ ಒಂದು ದಿನ. ನಾಳೆ ಸರಿ ಹೋದ್ರೆ ಕೆಲಸ ಖಾಯಂ. ಇಲ್ಲಾಂದ್ರೆ ಮನೆಗೆ."

ಅವರು ಹೋದ ಮೇಲೆ ಹೊನ್ನವ್ವ ಬೈಯಲಿಲ್ಲ. ಮಗನ ಪಕ್ಕ ಕೂತಳು. "ಇದೂ ಹೋದ್ರೆ ನಿನ್ನ ಕೈಗೆ ಯಾರೂ ಗಾಡಿ ಕೊಡಲ್ಲ ಕಣೋ. ನಾನಿರೋ ತನಕ ರೊಟ್ಟಿ ಬಡಿದು ಹಾಕ್ತೀನಿ. ಆಮೇಲೆ?" ಅಂದಳು. ಸೆರಗಲ್ಲಿ ಕಣ್ಣೊರೆಸಿಕೊಂಡಳು. ದುರುಗೇಶಿಗೂ ಅಳು ಬಂತು, ಅವ್ವ ಅಳೋದು ಅವನಿಗೆ ನೋಡೋಕಾಗಲ್ಲ. ಅವ್ವ ಅವನ ತಲೆ ಸವರಿ ಅಂದಳು, "ನಿನ್ನ ಬುದ್ಧಿ ಓಡಿಸಬೇಡ. ನನ್ನ ಬುದ್ಧೀನೂ ಬೇಡ. ಸಾವ್ಕಾರ್ರು 'ಬ್ರೇಕ್' ಅಂದ್ರೆ ಒತ್ತು. 'ಬಿಡು' ಅಂದ್ರೆ ಬಿಡು. ಅವರು ಏನು ಹೇಳ್ತಾರೋ ಅಷ್ಟೇ ಮಾಡು."

"ಅಷ್ಟೇ ಮಾಡ್ತೀನವ್ವ. ನಿನ್ನಾಣೆ."

ನಾಲ್ಕನೇ ದಿನ. ಹೈವೇ ಖಾಲಿ, ಬಿಸಿಲು ಎಳೆಯದು. ಎಂಬತ್ತು, ನೂರು, ನೂರಿಪ್ಪತ್ತು! ಕಾರು ಹೋದದ್ದೇ ಗೊತ್ತಾಗಲಿಲ್ಲ. ಸಾವ್ಕಾರ್ರು ಖುಷಿಯಲ್ಲಿ ಬೀಗರಿಗೆ ಫೋನ್ ಹಚ್ಚಿದ್ರು. "ಬೀಗ್ರೇ, ಏನ್ ಗಾಡಿ ಅಂತೀರಿ! ಅದರಲ್ಲೂ ಇದರ ಬ್ರೇಕ್..."

ಒತ್ತಿದ! ಫೋನು ಗಾಜಿಗೆ ಬಡಿದು ಬಿತ್ತು.

"ಯಾಕೋ ನಿಲ್ಸಿದೆ?"

"ಬ್ರೇಕ್ ಅಂದ್ರಲ್ಲ ಸಾವ್ಕಾರ್ರೇ!"

"ಬೀಗರಿಗೆ ಅಂದದ್ದು ಕಣೋ! ಬಿಡು!" ಬಿಟ್ಟ. ಮತ್ತೆ ನೂರು. "ನಿನ್ನ ಮುಂದೆ ಬ್ರೇಕ್ ಅನ್ನೋಂಗೂ ಇಲ್ಲ..." ಮತ್ತೆ ಒತ್ತಿದ! "ಬಿಡೋ ಮಾರಾಯ, ಬಿಡು! ಇನ್ನು ಆ ಮಾತೇ ಎತ್ತಲ್ಲ!" ಅಂತ ಸಾವ್ಕಾರ್ರು ಬಾಯಿಗೆ ಕೈ ಅಡ್ಡ ಇಟ್ಟು ಕೂತ್ರು.

ಮತ್ತೆ ನೂರಿಪ್ಪತ್ತು. ತಿರುವು ದಾಟಿದ್ರೆ, ಎದುರಿಗೆ ರಸ್ತೆ ತುಂಬ ಕುರಿ! ನೂರಾರು ಕುರಿ, ನಡುವೆ ಕಂಬಳಿ ಹೊದ್ದ ಮುದುಕ.

"ಕುರಿ! ಕುರಿ ಕಣೋ!"

"ಕಂಡ್ವು ಸಾವ್ಕಾರ್ರೇ. ಚೆನ್ನಾಗಿ ಮೇದದಾವೆ."

"ನಿಲ್ಸೋ! ಹಿಡಿಯೋ! ಶಿವನೇ! ಅದನ್ನ ಒತ್ತೋ, ಅದನ್ನ!"

"ಯಾವುದನ್ನ?"

"ಬ್ರೇಕೋ!"

ಒತ್ತಿದ ನೋಡಿ! ಕಾರಿನ ಮೂಗು ನೆಲಕ್ಕೆ ಬಗ್ಗಿತು. ಆ ಕಡೆ ಎಳೀಲಿಲ್ಲ, ಈ ಕಡೆ ಜಾರಲಿಲ್ಲ, ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಬಂದು ನಿಂತಿತು. ಮುಂದಿದ್ದ ಟಗರಿಗೂ ಕಾರಿಗೂ ನಡುವೆ ಒಂದು ಗೇಣು. ಟಗರು ಒಂದು ಸಲ ಮೂಸಿ ನೋಡಿ ಸೀನಿತು.

ಸಾವ್ಕಾರ್ರು ಇಳಿದ್ರು. ಟಗರನ್ನ ಮುಟ್ಟಿದ್ರು, ಮುದುಕನನ್ನ ಮುಟ್ಟಿದ್ರು, ತಮ್ಮ ಎದೆ ಮುಟ್ಟಿಕೊಂಡ್ರು. ಎಲ್ಲರೂ ಇದ್ದಾರೆ! ಕಣ್ಣಲ್ಲಿ ನೀರು ಬಂತು. ಕಾರಿನ ಚಕ್ರಕ್ಕೆ ಕೈ ಮುಗಿದ್ರು. "ಭಲೇ ಬ್ರೇಕು! ಭಲೇ ದುರುಗೇಶಿ! ನಿನ್ನ ಕೆಲಸ ಖಾಯಂ ಕಣೋ! ಹೋಗು, ಈಗಿಂದೀಗಲೇ ಹೋಗಿ ನಿಮ್ಮವ್ವಗೆ ಹೇಳು!"

ಮಧ್ಯಾಹ್ನ ಹೊನ್ನವ್ವ ರೊಟ್ಟಿ ಬಡೀತಾ ಇದ್ದಳು. ಮಗ ಬೆವರು ಸುರಿಸ್ತಾ ಬಂದ.

"ಅವ್ವಾ, ಕೆಲಸ ಖಾಯಂ!"

ಹೊನ್ನವ್ವ ಅತ್ತಳು, ನಕ್ಕಳು, ಓಡಿ ಹೋಗಿ ಸಕ್ಕರೆ ತಂದು ಮಗನ ಬಾಯಿಗೆ ಹಾಕಿದಳು. ಆಮೇಲೆ ಬಾಗಿಲಾಚೆ ಇಣುಕಿದಳು.

"ಕಾರೆಲ್ಲೋ?"

"ಹೈವೇಲಿ ಐತೆ. ನಡ್ಕೊಂಡು ಬಂದೆ."

"ಗಾಡೀನ ಹಂಗೇ ಬಿಟ್ಟು ಬಂದ್ಯಾ?"

"ಬ್ರೇಕ್ ಬಿಡು ಅಂತ ಸಾವ್ಕಾರ್ರು ಹೇಳಲೇ ಇಲ್ಲವ್ವ! ಹೋಗಿ ಅವ್ವಗೆ ಹೇಳು ಅಂದ್ರು. ಎರಡೂ ಹೆಂಗೆ ಮಾಡ್ಲಿ? ಕುರಿ ಅಜ್ಜನ್ನ ಕೂರಿಸಿ ಬಂದೆ. ಕಾಲೆತ್ತಿದ್ರೆ ಗಾಡಿ ನಿನ್ನ ಕುರಿ ಮೇಲೇ ಹೋಗ್ತೈತೆ ಅಂದೆ. ಅಜ್ಜ ಎರಡೂ ಕಾಲಿಟ್ಟು ಬ್ರೇಕ್ ಒತ್ಕೊಂಡು ಕೂತದಾನೆ. ಯಾರು ಹೇಳಿದ್ರೂ ಎತ್ತಲ್ಲ ಅಂತಾನೆ."

"ಅಯ್ಯೋ ನನ್ನಪ್ಪಾ! ಮತ್ತೆ ಆ ಕುರಿ ಕಾಯೋರು ಯಾರೋ?"

"ಅದಕ್ಯಾಕೆ ಯೋಚನೆ ಮಾಡ್ತೀಯವ್ವ? ಸಾವ್ಕಾರ್ರು ಕಾಯ್ತಾ ಅದಾರೆ. ಕೋಲು, ಕಂಬಳಿ ಎರಡೂ ಕೊಟ್ಟು ಬಂದೀನಿ!"